ಪಿಶಾಚಿ ಮಾಮ ಹಿಂದಕ್ಕೆ ಹೋದದ್ದು

...ಅಯ್ಯೋ, ಹಾಗೆ ನೋಡಬೇಡಿ ಅಕ್ಕಾ, ಬೈಗುಳ ಅಲ್ಲ ಅದು! ನಿಮ್ಮ ಮಗಳು ನನ್ನನ್ನ ಪಿಶಾಚಿ ಮಾಮ ಅನ್ನೋದು ಪ್ರೀತಿಯಿಂದಲೇ. ದಿನಾ ಬೆಳಿಗ್ಗೆ ಆರಕ್ಕೆ ಸೂಜಿ ಹಿಡ್ಕೊಂಡು ಬಂದು ಒಂದು ಟ್ಯೂಬ್ ರಕ್ತ ಎಳ್ಕೊಂಡು ಹೋಗೋನಿಗೆ ಇನ್ನೇನಂತಾರೆ, ಹೇಳಿ? ಹ್ಞಾಂ, ತೋಳಿನ ಬಟ್ಟೆ ಮೇಲಕ್ಕೆ ಮಡಚಿ. ಇನ್ನೂ ಸ್ವಲ್ಪ. ಪಟ್ಟಿ ಬಿಗೀತೀನಿ... ಆಯ್ತು. ಒಂದೇ ಟ್ಯೂಬ್ ಅಕ್ಕಾ. ನಿಮ್ಮ ರಕ್ತ ಅವಳಿಗೆ ಹೊಂದುತ್ತೆ ಅಂತಾದ್ರೆ, ಐಸಿಯುನಲ್ಲಿ ಮಧ್ಯಾಹ್ನದೊಳಗೆ ಏರಿಸ್ತಾರೆ. ಎಲ್ಲಾ ಸರಿಹೋಗುತ್ತೆ. ಹೋಗುತ್ತೆ, ಹೋಗುತ್ತೆ.

ನರ ಹುಡುಕೋವರೆಗೆ ಮಾತಾಡ್ತಿರ್ತೀನಿ. ನಂಗೆ ಮಾತಿಲ್ದೆ ಕೈ ಓಡೋಲ್ಲ.

ಮುಷ್ಟೀಲಿ ಏನದು? ಈ ಕೈಯಲ್ಲಲ್ಲ, ಆ ಕೈಯಲ್ಲಿ... ಓ. ಅವಳ ಶಿಲುಬೆ. ತಲೆದಿಂಬಿನ ಕೆಳಗಿತ್ತಾ? ಡಾಕ್ಟ್ರು ನಾಲಿಗೆ ಒತ್ತಿ ನೋಡ್ತಾರಲ್ಲ, ಆ ಮರದ ಕಡ್ಡಿ ಎರಡು. ಟೇಪು ನಾನೇ ಕೊಟ್ಟದ್ದು, ನೋಡಿ ಮತ್ತೆ!

ಆ ಮೊಬೈಲ್ ಆಟ ಇದೆಯಲ್ಲ ಅವಳದ್ದು, ಕೋಟೆ, ಬಾವಲಿ, ಹಲ್ಲು ಕಿರಿಯೋ ರಕ್ತಪಿಶಾಚಿ... ಹೀರೋ ಶಿಲುಬೆ ಎತ್ತಿದ ಅಂದ್ರೆ ಅದು ಮುಖ ಮುಚ್ಕೊಂಡು ಹಿಂದಕ್ಕೆ ಹಿಂದಕ್ಕೆ ಹೋಗುತ್ತೆ. "ಯಾಕೆ ಹೆದರುತ್ತೆ ಮಾಮ?" ಅಂದ್ಲು. ದೇವರದ್ದಲ್ವಾ ಕಂದಾ, ಅದಕ್ಕೆ ಅಂದೆ. ಅಷ್ಟಕ್ಕೆ ಬಿಡ್ತಾಳಾ? ವಾರ್ಡಿಗೆಲ್ಲ ಅವಳು ವಕೀಲಮ್ಮ ಆಗಿದ್ದು ಸುಮ್ಮನೇನಾ! "ಪಿಶಾಚಿ ಬೇರೆ ದೇವರ ಕಡೆಯದಾದ್ರೆ? ಅಡ್ಡ ಒಂದು, ಉದ್ದ ಒಂದು ಇದ್ರೆ ಸಾಕು ಅನ್ನೋದಾದ್ರೆ ಕಿಟಕಿ ನೋಡಿದ್ರೂ ಓಡಬೇಕಲ್ವಾ?" ಅಂತಾಳೆ. ಕಿಟಕಿ!

ತಲೆ ತಿಂದುಬಿಟ್ಲು. ಮನೆಗೆ ಹೋಗಿ ಅಣ್ಣನ ಮಗನನ್ನ ಕೇಳಿದೆ, ಅವನು ಈ ಆಟಗಳಲ್ಲೇ ಮುಳುಗಿರೋನು. "ಚಿಕ್ಕಪ್ಪಾ, ಕೆಲವು ಆಟದಲ್ಲಿ ಶಕ್ತಿ ಆ ವಸ್ತುವಿಗೇ ಇರುತ್ತೆ. ಕೆಲವದರಲ್ಲಿ ಹಿಡಿದವರ ನಂಬಿಕೆಗೆ. ನಂಬದೋನು ಬಂಗಾರದ ಶಿಲುಬೆ ಹಿಡಿದ್ರೂ ಪಿಶಾಚಿ ಕಚ್ಚುತ್ತೆ" ಅಂದ. ಹಳೇ ಕಥೆಗಳಲ್ಲಂತೂ ಕರೀದೆ ಯಾರ ಮನೆಗೂ ಕಾಲಿಡೋ ಹಾಗಿಲ್ವಂತೆ ಪಿಶಾಚಿ. ಕಾಳು ಚೆಲ್ಲಿದ್ರೆ ಎಣಿಸ್ತಾ ಕೂರಬೇಕಂತೆ. ಪಾಪ, ಒಂದು ಗುಟುಕು ರಕ್ತಕ್ಕೆ ಎಷ್ಟೊಂದು ಕಟ್ಟುಪಾಡು, ನಮ್ಮ ಲ್ಯಾಬಲ್ಲೂ ಇಷ್ಟಿಲ್ಲ ಅಂದೆ ಅವಳ ಹತ್ರ. ಬಿದ್ದು ಬಿದ್ದು ನಕ್ಕಿದ್ಲು... ನಿಮಗೆ ನಗು ಬರ್ಲಿಲ್ವಾ? ಹೋಗ್ಲಿ ಬಿಡಿ.

ಎಲ್ಲಾ ಕೇಳಿಸ್ಕೊಂಡು ಕೊನೇಗೆ ತೀರ್ಪು ಕೊಟ್ಲು. "ಅದು ಹೆದರೋದಲ್ಲ ಮಾಮ. ಅದೂ ಮೊದಲು ಮನುಷ್ಯನೇ ತಾನೇ? ಯಾರಾದ್ರೂ ಅಷ್ಟು ನಂಬಿಕೊಂಡು ಎದುರಿಗೆ ನಿಂತ್ರೆ ಅದಕ್ಕೆ ನಾಚಿಕೆ ಆಗುತ್ತೆ." ಒಂಬತ್ತು ವರ್ಷ ಅಕ್ಕಾ ಅವಳಿಗೆ! ಒಂಬತ್ತೇ ವರ್ಷ!

ಆಮೇಲೆ ನಮ್ಮದೇ ಆಟ ಶುರುವಾಯ್ತು. ನಾನು ಟ್ರೇ ಹಿಡಿದು ಪರದೆ ಸರಿಸ್ತೀನಿ, ಅವಳು ಶಿಲುಬೆ ಎತ್ತುತ್ತಾಳೆ, ನಾನು "ಅಯ್ಯಯ್ಯೋ ಸತ್ತೆ" ಅಂತ ಹಿಂದಕ್ಕೆ. ಪಕ್ಕದ ಮಂಚದವರದ್ದು ಮುಗಿಸಿ ಬಂದ್ರೆ, ಆಗ ಅವಳೇ "ಬಾ" ಅಂತಾಳೆ. ಬಾ ಅಂದ ಮೇಲೆ ಕೈ ಕೊಡ್ಲೇಬೇಕು, ಅದು ನಿಯಮ. ಹದಿನೈದು ದಿನ ಅಕ್ಕಾ, ಒಂದು ದಿನ ತಪ್ಪಿಸಿಲ್ಲ.

...ನೋವಾಗ್ತಿದೆಯಾ? ಇನ್ನೂ ಚುಚ್ಚೇ ಇಲ್ವಲ್ಲ. ಪಟ್ಟಿ ಬಿಗಿದು ಬಹಳ ಹೊತ್ತಾಯ್ತು, ತಡೀರಿ, ಸಡಿಲ ಮಾಡ್ತೀನಿ. ಒಂದು ಮಾತಾದ್ರೂ ಆಡಿ ಅಕ್ಕಾ.

ಮಡಿಲಲ್ಲಿ ಅದೇನು ಕಾಗದ?

ಅವಳ ಫೈಲಲ್ಲಿದ್ದ ಗುರುವಾರದ ಚೀಟಿ... ಹೌದು, ನನ್ನ ಅಕ್ಷರವೇ. "ಮಗು ಸ್ಕ್ಯಾನಿಗೆ ಹೋಗಿದೆ, ರಕ್ತ ತೆಗೆದಿಲ್ಲ." ಯಾರೋ ಹೇಳಿದ್ರು ಸ್ಕ್ಯಾನಿಗೆ ಹೋಗಿದಾಳೆ ಅಂತ. ಸಿಸ್ಟರ್... ಅಲ್ಲ, ಬೇರೆ ಯಾರೋ. ಬೆಳಿಗ್ಗೆ ಗಡಿಬಿಡೀಲಿ...

ನೀವಿದ್ರಿ ಅಲ್ವಾ ಗುರುವಾರ. ಮುಖ ತೊಳೆಯೋಕೆ ಹೋಗಿದ್ರಿ, ಐದೇ ನಿಮಿಷ. ಅವಳು ಮಂಚದಿಂದ ಇಳಿದೇ ಇಲ್ಲ ಅಂತ ನಿಮಗೆ ಗೊತ್ತು. ಈ ಕೋಣೆಗೆ ಬರೋಕೆ ಮುಂಚೆಯೇ ಗೊತ್ತಿತ್ತು... ಅಲ್ವಾ?

ಚುಚ್ಚಿ ಚುಚ್ಚಿ ಅವಳ ಎರಡೂ ಕೈ ನೀಲಿಗಟ್ಟಿದ್ವು ಅಕ್ಕಾ. ಅವತ್ತು ಶಿಲುಬೆ ಎತ್ತಿದ್ದು ಆಟಕ್ಕಲ್ಲ. ಹಿಂದಕ್ಕೆ ಹೋದೆ, ಪಕ್ಕದವರದ್ದು ಮುಗಿಸಿ ಬಂದೆ. ಬಾ ಅನ್ನಲಿಲ್ಲ. "ಇವತ್ತೊಂದು ದಿನ ಬೇಡ ಮಾಮ" ಅಂದ್ಲು. ಎಷ್ಟು ಮಕ್ಕಳು ಕಿರುಚಿದಾರೆ, ಒದ್ದಿದಾರೆ, ಹಿಡ್ಕೊಂಡು ತೆಗೆದಿದೀನಿ, ಹನ್ನೆರಡು ವರ್ಷದಿಂದ! ಅವತ್ತು ಕೈಯೇ ಬರಲಿಲ್ಲ. ಒಂದು ದಿನ ತಾನೇ ಅಂದ್ಕೊಂಡೆ. ಒಳಗೊಳಗೇ ರಕ್ತ ಸೋರ್ತಿದೆ ಅಂತ ನಂಗೇನು ಗೊತ್ತಿತ್ತು? ಆ ಟ್ಯೂಬ್ ಲ್ಯಾಬಿಗೆ ಹೋಗಿದ್ರೆ ಗುರುವಾರವೇ ತಿಳೀತಿತ್ತು. ಶುಕ್ರವಾರ ಅವಳು ಹಾಗೆ ಬೀಳ್ತಿರಲಿಲ್ಲ. ಸುಳ್ಳು ಬರೆದೆ ಅಕ್ಕಾ. ನಾನೇ ಬರೆದೆ.

ಬೈಯಿರಿ. ಕೆನ್ನೆಗೆ ಬಾರಿಸಿ. ದೊಡ್ಡ ಡಾಕ್ಟ್ರ ಹತ್ರ ಹೋಗೋಣ ನಡೀರಿ, ನಾನೇ ಹೇಳ್ತೀನಿ. ಹೀಗೆ ಸುಮ್ಮನಿರಬೇಡಿ...

ಏನು ಮಾಡ್ತಿದೀರಿ? ಬೇಡ. ಅದನ್ನ ಕೆಳಗಿಡಿ ಅಕ್ಕಾ. ನನ್ನ ಮುಖಕ್ಕೆ ಹಿಡೀಬೇಡಿ, ದಮ್ಮಯ್ಯ ಅಂತೀನಿ. ಟೇಪು ಬಿಟ್ಕೊಳ್ತಿದೆ ನೋಡಿ ಅದರದ್ದು...

ಎದ್ದು ಹೋಗ್ಲಾ? ಹೋಗಿಬಿಡ್ತೀನಿ. ಆದ್ರೆ ಈ ಕೈ ಯಾಕೆ ಇನ್ನೂ ಚಾಚ್ಕೊಂಡೇ ಇದೀರಿ? ರಕ್ತ ತೆಗೆಯೋಕೆ ಬೇರೆಯವರು ಬರೋದು ಹನ್ನೊಂದಕ್ಕೆ. ಅಲ್ಲೀವರೆಗೆ ಅವಳು... ಇಲ್ಲ, ಇಲ್ಲ, ಈ ಟ್ಯೂಬ್ ಈಗಲೇ ಹೋಗಬೇಕು. ಇವತ್ತೂ ಹಿಂದಕ್ಕೆ ಹೋದ್ರೆ ನಾನು...

ಪಟ್ಟಿ ಬಿಗೀತಿದೀನಿ. ನರ ಸಿಕ್ಕಿದೆ ಅಕ್ಕಾ, ಬೆರಳ ಕೆಳಗೇ ಇದೆ. ಒಂದು ಮಾತು ಸಾಕು.

ಬಾ ಅನ್ನಿ.

ಅಕ್ಕಾ... ಬಾ ಅನ್ನಿ.