ಬರೀ ಉಪ್ಪುನೀರಿನ ಬಟ್ಟಲು

ನಗಬೇಡಿ, ದೀಪ ಸಣ್ಣ ಮಾಡಿ ಹತ್ತಿರ ಬನ್ನಿ. ಐವತ್ತೇಳರಲ್ಲಿ ಮನೆಮನೆಗೂ ಫ್ಲೂ ಬಡಿದಿತ್ತಲ್ಲ, ಆಗ ನಮ್ಮ ದೊಡ್ಡಪ್ಪನ ಮಗ ನಂಜಣ್ಣನಿಗೆ ಆದದ್ದು.

ನಂಜಣ್ಣ ಮೈಸೂರಲ್ಲಿ ಲ್ಯಾಬಿನೋನು. ಹನಗೋಡಲ್ಲಿ ಹೆಂಡ್ತಿ ನೀಲಾಂಬಿಕೆಗೆ ಜ್ವರ. ಫ್ಲೂ ಆದ್ರೆ ಪ್ಲೇಗಿನ ಕಾಲದಂಗೆ ಊರಾಚೆ ಗುಡಿಸಲಿಗೆ ಹಾಕಿ ಅಂತ ಊರೋರ ಹಟ. ಇವಳು ಅಲ್ಲಿ ಉಳೀತಾಳಾ? ಅದೇ ಇವನ ಸಂಕಟ. ಅವಳ ಗಂಟಲ ನೀರನ್ನ ಲ್ಯಾಬಿನ ಕೋಳಿಮೊಟ್ಟೆಯಲ್ಲಿ ಬೆಳೆಸಿ, ಫ್ಲೂ ಹೌದೋ ಅಲ್ವೋ ಊರಲ್ಲೇ ಪರೀಕ್ಷೆ ಮಾಡಿ ತೋರಿಸೋಕೆ ಸೀಸೆಯಲ್ಲಿ ತರ್ತಿದ್ದ.

ಮುಚ್ಚಂಜೆ. ಊರಾಚೆ ಆಲದ ಬುಡದಲ್ಲಿ... ಕೊರ್... ಕೊರ್... ಒಂಟಿ ಕೆಂಪು ಕೋಳಿ. ಕಾಲಲ್ಲಿ ಹಳದಿ ದಾರ. ಕೈ ಚಾಚಿದ್ರೂ ಓಡಲಿಲ್ಲ! ಪರೀಕ್ಷೆಗೆ ಕೋಳಿ ರಕ್ತ ಬೇಕೇ ಬೇಕು. ಶಿವನೇ ಕೊಟ್ಟ ಅಂತ ಎತ್ಕೊಂಡ. ಲಿಂಗ ಕಟ್ಟಿದ ಮನೆಯೋನು. ಕೋಳಿ ಸಮಾಚಾರ ಇವನಿಗೇನು ಗೊತ್ತು?

ಕೊಟ್ಟಿಗೆಯಲ್ಲಿ ಕೂತು ರೆಕ್ಕೆಯಿಂದ ಚೂರು ರಕ್ತ ತೆಗೆದ. ಕೋಳಿ ಕಮಕ್ ಕಿಮಕ್ ಅನ್ನಲಿಲ್ಲ. ಅದರ ಮೇಲೆ ಬಿದಿರ ಮಂಕರಿ ಕವುಚಿ, ಮೇಲೆ ಗುಂಡುಕಲ್ಲು ಇಟ್ಟ.

ಎರಡು ಗಾಜಿನ ಬಟ್ಟಲು. ಒಂದರಲ್ಲಿ ಸೀಸೆಯ ನೀರು, ಇನ್ನೊಂದರಲ್ಲಿ ಹೋಲಿಸಿ ನೋಡೋಕೆ ಬರೀ ಉಪ್ಪುನೀರು. ಎರಡಕ್ಕೂ ರಕ್ತ ಬಿಟ್ಟ. ರಕ್ತದ ಕಣದ ಮೈಮೇಲೆ ಸಯಾಲಿಕ್ ಅಂತ ಒಂಥರಾ ಸಕ್ಕರೆ ಇರ್ತದಂತೆ. ಫ್ಲೂ ವಿಷ ಅದನ್ನ ಹಿಡ್ಕೊಂಡು ಕಣಕ್ಕೆ ಕಣ ಹೆಣೆದುಬಿಡ್ತದೆ. ಆಗ ರಕ್ತ ಬಲೆ ಹರಡಿದಂಗೆ ನಿಲ್ತದೆ. ರೋಗ ಇಲ್ಲದಿದ್ರೆ ತಳದಲ್ಲಿ ಬೊಟ್ಟಾಗಿ ಕೂರ್ತದೆ.

ಕಾದು ನೋಡಿದ. ಹೆಂಡ್ತಿ ಬಟ್ಟಲಲ್ಲಿ ಬೊಟ್ಟು. ಸದ್ಯ, ಬದುಕಿದೆ! ಅಂದ. ಉಪ್ಪುನೀರು ನೋಡಿದ... ಬಲೆ.

ಉಪ್ಪುನೀರಿಗೆಂಥಾ ರೋಗ? ಬಟ್ಟಲು ಅದಲುಬದಲು ಮಾಡಿದ್ನಾ? ಯಾರಾದ್ರೂ ಮುಟ್ಟಿದ್ರಾ? ಮತ್ತೆ ಮಾಡಿದ. ಅದೇ. ಬೆನ್ನ ಹಿಂದೆ ಟಿಕ್... ಟಿಕ್... ಗಾಜಿಗೆ ಕೊಕ್ಕು ಕುಟ್ಟಿದ ಸದ್ದು. ತಿರುಗಿದ. ಮಂಕರಿ, ಕಲ್ಲು ಇದ್ದಲ್ಲೇ ಇದ್ವು.

ಪಕ್ಕದ ಮನೆ ಜವರಯ್ಯ ಲಾಟೀನು ಹಿಡಿದು ಇಣುಕಿದ. ಪಿಸುಮಾತು.

"ಕೋಳಿ ಎಲ್ಲಿಂದ ತಂದ್ರಿ ಸೋಮಿ?"

"ಆಲದ ಕೆಳಗೆ... ಹಳದಿ ದಾರ ಕಟ್ಟಿತ್ತು."

"ಅಯ್ಯೋ! ನಮ್ಮ ಮಗಳು ಚಿಕ್ಕಸಿದ್ದಮ್ಮಂಗೆ ಜ್ವರ ಅಂತ, ರೋಗ ಅದರ ಮ್ಯಾಲೆ ಹೋಗ್ಲಿ ಅಂತ ನಿವಾಳಿಸಿ ಬುಟ್ಟ ಕೋಳಿ ಕಣ್ರೀ ಅದು. ಊರಾಚೆ ಬುಟ್ಟಿದ್ದ ಒಸ್ಲೊಳಕ್ಕೆ ತರ್ತಾರಾ? ಈಗ್ಲೇ ಒಯ್ದು ಬುಟ್ಬುಡಿ!"

ಕಲ್ಲು ಇಳಿಸಿ ಮಂಕರಿ ಎತ್ತಿದ್ರೆ... ಒಂದು ಪುಕ್ಕವೂ ಇಲ್ಲ.

ನಂಜಣ್ಣ ಒಳಗೋಡಿದ. ನೀಲಾಂಬಿಕೆ ಎದ್ದು ಕೂತಿದ್ಳು. ಹಣೆ ತಣ್ಣಗಿತ್ತು. "ಹಸಿವು ಕಣ್ರೀ" ಅಂದ್ಳು. ಇವನಿಗೆ ಅಳುವೇ ಬಂತು. ಕಾಲಿಗೆ ಕಂಬಳಿ ಎಳೆಯೋಕೆ ಬಗ್ಗಿದ. ಬಾಗಿಲಲ್ಲಿದ್ದ ಜವರಯ್ಯ ಅಲ್ಲಿಂದಲೇ ಹಿಂದಕ್ಕೆ ಸರಿದ.

ಅವಳ ಕಾಲಲ್ಲಿ ಹಳದಿ ದಾರ.

ಸುಳ್ಳಂದ್ರೆ ನನ್ನಾಣೆ. ಅತ್ತಿಗೆ ಈಗಲೂ ಗಟ್ಟಿಮುಟ್ಟಾಗಿದಾರೆ, ಹೋಗಿ ನೋಡಿ. ಆ ದಾರಕ್ಕೆ ಮಾತ್ರ ನಂಜಣ್ಣ ಇವತ್ತಿನವರೆಗೂ ಕತ್ತರಿ ಹಾಕಿಲ್ಲ.