ದಿನಾ ಒಂದು ಗ್ಲಾಸ್ ಕಬ್ಬಿನ ಹಾಲು

ಜಮಖಂಡಿಯ ಆಸ್ಪತ್ರೆಯೊಂದರ ಲ್ಯಾಬಿನೆದುರು, ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡು ಮಧುಮತಿ ಕುಳಿತಿದ್ದಳು. ಅದೇ ಬೆಂಚಿನಲ್ಲಿ ಗುರುತಿಲ್ಲದ ಅತ್ತೆ, ಸೊಸೆ. ಮಗುವನ್ನು ಒಳಗೆ ವಾರ್ಡಿನಲ್ಲಿ ಮಲಗಿಸಿ ಬಂದವರು. ಸೊಸೆಯ ಕೈಯಲ್ಲಿ ಆಗಷ್ಟೇ ಕೊಟ್ಟ ರಿಪೋರ್ಟು. ಕೇಳಬಾರದು ಅಂದುಕೊಂಡರೂ ಅಂಗೈಯಗಲದ ಜಾಗದಲ್ಲಿ ಮಧುಮತಿಯ ಕಿವಿ ಎಲ್ಲಿಗೆ ಹೋದೀತು?

“ಏನ್ ಬರದಾರ, ಅನುರಾಧಾ?”

“ಕಣ್ಣು ಹಳದಿ ಆಗಿದ್ದು ಕಾಮಣಿನ ಖರೆ ಅಂತ, ಅತ್ತಿ. ಹೆಪಟೈಟಿಸ್ ಎ. ಹಳೇದಲ್ಲ, ತಿಂಗಳೊಪ್ಪತ್ತಿನಾಗ ಹತ್ತಿದ್ದು. ಹೊಲಸು ನೀರಿನಿಂದ ಬರತೈತಂತ.”

“ನಾವು ಕಾಸಿದ ನೀರನ ಕುಡಸತೀವಲ್ಲ?”

“ಹೊರಗ ಏನರ ಕುಡದಾಳೇನು ಅಂತ ಕೇಳಿದ್ರು. ಏನೂ ಇಲ್ಲಂತ ಹೇಳೀನಿ.”

ಅತ್ತೆ ಸೆರಗಿನ ತುದಿ ಹೊಸೆಯತೊಡಗಿದಳು.

“ಕಬ್ಬಿನ ಹಾಲಿನಾಗ ಬರ್ಫ ಹಾಕತಾರಲ್ಲ… ಅದರಿಂದನೂ ಬರತೈತೇನು?”

“ಅಕಿಗೆ ಕಬ್ಬಿನ ಹಾಲು ಯಾರ್ ಕುಡಿಸ್ಯಾರ?”

“ಓಣ್ಯಾಗ ಕಾಮಣಿ ಬಂದಿತ್ತು. ಕೂಸಿಗೆ ತಟ್ಟಬಾರದಂತ, ಸಾಲಿ ಬಿಟ್ಟಕೂಡ್ಲೇ ದಿನಾ ಒಂದು ಗ್ಲಾಸ್ ಕುಡಿಸೀನಿ, ಯವ್ವಾ. ನಮ್ಮವ್ವನೂ ಹಂಗ ಮಾಡತಿದ್ಲು.”

ಸೊಸೆ ರಿಪೋರ್ಟು ಮಡಚಿದಳು, ಮತ್ತೆ ಬಿಚ್ಚಿದಳು.

“ಬೈಯರ ಬೈ ನನಗ.”

“ಮುಂಜಾನಿಂದ ನನ್ನ ಗುರ್ತ ಹಿಡೀವಲ್ಲಳು ಅತ್ತಿ, ಹೆತ್ತ ಅವ್ವನ್ನ. ಲಿವರ್ ಕೆಲಸಾ ಮಾಡವಲ್ದಂತ. ಮಿರಜಿನ ದೊಡ್ಡ ದವಾಖಾನಿಗೆ ಒಯ್ಯಿರಿ ಅಂದಾರ.”

“ನಾನೂ ಬರಲೇನು?”

ಸೊಸೆ ಎದ್ದು ವಾರ್ಡಿನತ್ತ ನಡೆದಳು. ಅತ್ತೆ ಮಾರು ದೂರ ಬಿಟ್ಟು ಹಿಂಬಾಲಿಸಿದಳು.

ಬೆಂಚಿನ ಕೆಳಗೆ ಮುದುಕಿಯ ಕೈಚೀಲ ಉಳಿದಿತ್ತು. ಕೂಗಿ ಕೊಡಲೆಂದು ಮಧುಮತಿ ಎತ್ತಿಕೊಂಡಳು. ಒಳಗೆ ಬಾಟಲಿ ತುಂಬ ಕಬ್ಬಿನ ಹಾಲು. ಬರ್ಫ ಇನ್ನೂ ಕರಗಿರಲಿಲ್ಲ.