ಕುರಿಗಳಿಗೆ ಕಿವಿ ಕೆಟ್ಟ ದಿನ

...ನಗಬ್ಯಾಡ ಕಣೇ ಚಿತ್ತಮ್ಮ, ಮೊದ್ಲು ಕೇಳು! ಕುರಿಗಳಿಗೆ ಕಿವಿ ಕೆಟ್ಟವೆ. ದೇವರಾಣೆ! ಬೆಳಿಗ್ಗೆಯಿಂದ ಗುಡ್ಡದ ವಾರೆಯಲ್ಲಿ ನಿಂತು ಸಿಳ್ಳೆ ಹಾಕ್ತೀನಿ, ಈ ಯತ್ತಪ್ಪನ ಸಿಳ್ಳೆಗೆ ಒಂದಾದರೂ ತಲೆ ಎತ್ತಬೇಕಲ್ಲ? ಊಹೂಂ. ಗಂಡನ ಮಾತು ಕೇಳದ ಹೆಂಡ್ತಿ ಹಂಗೆ, ಬೆನ್ನು ತಿರುಗಿಸ್ಕೊಂಡು ಮೇಯ್ತಾನೇ ಅವೆ!

ಏನು? ಸಿಳ್ಳೆ ನಿನಗೂ ಕೇಳಲಿಲ್ಲವಾ? ...ಗಾಳಿ ಕಣೇ. ಬಾಯಿಂದ ಹೊರಟಿದ್ದನ್ನ ಗಾಳಿ ಹೊತ್ಕೊಂಡು ಹೋತು. ಈಗ ಅದು ಹೊಳಲ್ಕೆರೆ ಸಂತೆಯಲ್ಲಿ ಯಾರದೋ ಕುರಿ ಕರೀತಿರಬೇಕು.

ಮತ್ತೆ ನಗ್ತೀಯಲ್ಲ! ಯಾಕೆ? ...ನಿಮ್ಮಪ್ಪನ ಆಟವಾ? ಲೇ, ಇವತ್ತು ಆ ಆಟ ಕಟ್ಟಿಲ್ಲ. ಹೌದು, ಜಂಪಣ್ಣ ಮಾವನಿಗೆ ಲಕ್ವ ಹೊಡೆದಾಗಿನಿಂದ ಅವನ ಸೊಟ್ಟಬಾಯಿ ಅಣಕಿಸಿ ನಿನ್ನ ನಗಿಸೀನಿ, ಅಳಿಸೀನಿ. ಲಕ್ವಕ್ಕೆ ಮದ್ದು ಅಂತ ಪಾರಿವಾಳದ ರಕ್ತ ಹಚ್ಚೋನು ಹಿರೇಗುಂಟನೂರಿಂದ ಬಂದಾಗ ಮಾವನ ಬದಲು ನಾನೇ ಕಂಬಳಿ ಹೊದ್ದು ಮಲಗಿರಲಿಲ್ಲವಾ? ಪಾಪ, ನನ್ನ ಕೆನ್ನೆಗೇ ಬಳಿದಿದ್ದ! ನೀನು ಮೂರು ದಿನ ಮಾತು ಬಿಟ್ಟಿದ್ದೆ. ಇವತ್ತು ಮಾತ್ರ... ಇಲ್ಲ. ಒಂಚೂರು ಮಜ್ಜಿಗೆ ಕೊಡು.

ಚೆಲ್ತಾ? ಚೊಂಬಿನ ಅಂಚು ನಗ್ಗೈತೆ, ಅದಕ್ಕೆ ಒಂದು ಕಡೆಯಿಂದ ಸೋರ್ತೈತೆ. ...ನಗ್ಗಿಲ್ಲವಾ? ಆ ಕಡೆ ತಿರುಗಿಸಿ ನೋಡು. ...ಸರಿ, ನಗ್ಗಿಲ್ಲ. ಕಂಬಳಿ ಎತ್ಕೊಡು. ಎಡ ಹೆಗಲ ಮೇಲೆ ನಿಲ್ತಾನೇ ಇಲ್ಲ, ಹೊಸ ಉಣ್ಣೆ, ಜಾರ್ತೈತೆ. ...ನೀನು ಮದುವೆಯಾಗಿ ಬಂದಾಗಿಂದಾ? ಆಯ್ತಪ್ಪ, ಹಳೇ ಉಣ್ಣೆ. ಹಳೇದೂ ಜಾರ್ತೈತೆ!

ಕುರಿ ಎಲ್ಲಿ ಅಂದ್ರೆ? ಗುಡ್ಡದಲ್ಲೇ ಅವೆ. ...ಹ್ಞೂಂ, ಬಿಟ್ಟು ಬಂದೆ. ಹಂಗ್ಯಾಕೆ ನೋಡ್ತೀಯಾ? ನೀನು ಬಂದು ಕೂಗು, ಇಬ್ಬರೂ ಹೋಗಾಣ.

ದುರ್ಗದ ಬಸ್ಸಾ? ಸರ್ಕಾರದ ಎಮರ್ಜೆನ್ಸಿ ಅಲ್ಲವಾ, ಈಗ ಬಸ್ಸೂ ಹೊತ್ತಿಗೆ ಸರಿಯಾಗಿ ಬಂತು, ಹೋತು. ನಾನು ರಸ್ತೆ ಬದಿ ಕುಂತಿದ್ದು ನೋಡಿ ಡ್ರೈವರು ನಿಲ್ಲಿಸಿದ. 'ಬರ್ತೀಯೇನಪ್ಪ' ಅಂದ. ಕುರಿ ಕೂಡಿಸದೆ ಹೆಂಗೆ ಹತ್ತಲಿ? ಬಲಗೈ ಎತ್ತಿ 'ಹೋಗ್ರಿ' ಅಂದೆ. ಎಡಗೈ... ಎಡಗೈ ಮಡಿಲಲ್ಲಿ ನಿದ್ದೆ ಮಾಡ್ತಿತ್ತು, ಎಬ್ಬಿಸಲಿಲ್ಲ. ಇನ್ನು ನಾಳೆವರೆಗೂ ಬಸ್ಸಿಲ್ಲ. ಅದಕ್ಯಾಕೆ ಕೇಳ್ತೀಯಾ? ದುರ್ಗದ ದೊಡ್ಡಾಸ್ಪತ್ರೆಯಲ್ಲಿ ನಮಗೇನು ಕೆಲಸ?

ಸಾಕು ಮಾಡು ಆ ಸೊಟ್ಟಬಾಯಿ, ಅಂತೀಯಾ? ಯಾವ ಬಾಯಿ? ...ಬಿಟ್ಟೆ. ಬಿಟ್ಟೀನಲ್ಲೇ! ನೆಟ್ಟಗೇ ಐತೆ! ಕೆನ್ನೆ ಯಾಕೆ ಹಿಡೀತೀಯಾ? ತಡಿ, ಸಿಳ್ಳೆ ಹಾಕಿ ತೋರಿಸ್ತೀನಿ.

ಫ್ಫ್... ಫ್ಫೂ... ಇರು, ಇನ್ನೊಂದ್ಸಲ... ಫ್ಫ್...

ಚಿತ್ತಮ್ಮ?

ನಗೇ. ಆಗಲೇ ನಗ್ತಿದ್ದೆಯಲ್ಲ... ನಿಮ್ಮಪ್ಪನ ಆಟ ಕಣೇ ಇದು. ಸುಳ್ಳು ಹೇಳಿದ್ದೆ, ಆಟಾನೇ ಆಡ್ತಿದ್ದೀನಿ. ನಿನ್ನಾಣೆ, ಆಟ...

ನಗು, ಚಿತ್ತಮ್ಮ.